ಸೋದರಮಾವ ಹಲ್ಲು ಕಡಿದ ಪ್ರಸಂಗ

ಧಾರವಾಡದ ಮಹಾಬಲೇಶ್ವರನಿಗೆ ಹೆಸರಿನಲ್ಲಿದ್ದಷ್ಟು ಬಲ ಬಾಯಿಯಲ್ಲಿರಲಿಲ್ಲ. ವಿಶಾಖಪಟ್ಟಣದ ಔಷಧ ಕಂಪನಿಯೊಂದರ ಗುಣಮಟ್ಟ ವಿಭಾಗದಲ್ಲಿ ಹನ್ನೊಂದು ವರ್ಷ ಕಳೆದಿದ್ದರೂ ಯಾರಿಗೂ ಗಟ್ಟಿಯಾಗಿ 'ಇಲ್ಲ' ಎಂದವನಲ್ಲ. ಆಟೋದವನು ತಪ್ಪು ದಾರಿ ಹಿಡಿದರೆ, 'ಇರಲಿ, ಈ ಓಣಿಯನ್ನೂ ನೋಡಿದಂತಾಯಿತು' ಎಂದು ಸುಮ್ಮನೆ ಕೂರುವ ಆಸಾಮಿ. ತರಕಾರಿಯವಳು ಕೊಳೆತ ಬದನೆಕಾಯಿ ಹಾಕಿದರೆ, ಅದನ್ನು ತಾನು ನೋಡಿದ್ದು ಅವಳಿಗೆ ತಿಳಿದು ಬೇಜಾರಾದೀತೆಂದು ಬೇರೆ ಕಡೆ ಮುಖ ತಿರುಗಿಸುತ್ತಿದ್ದ.

ಇಂಥವನು ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದ. ಹಾಗೆ ಹೀಗೆ ಕಡಿಯುವುದಲ್ಲ. ಬೀಸುಕಲ್ಲಿಗೆ ಮರಳು ಹಾಕಿ ತಿರುವಿದಂತೆ ಕರ್ರ್ ಎಂದು ಶುರುವಾಗಿ, ಕಟಕಟ ಎಂದು ಏರಿ, ಕೊನೆಗೆ ಯಾರೋ ಬಾಗಿಲಿನ ಕೀಲು ಮುರಿದಂತೆ ಒಂದು ಲಟಕ್! ಹೆಂಡತಿ ಹೇಮಾಕ್ಷಿ ಹದಿನೇಳು ವರ್ಷದಿಂದ ಕಿವಿಯಲ್ಲಿ ಹತ್ತಿ ಇಟ್ಟುಕೊಂಡೇ ಮಲಗುತ್ತಿದ್ದಳು.

ಒಂದು ಬೆಳಗ್ಗೆ ಕೆಳಗಿನ ಮನೆಯ ದುರ್ಗಾಂಬ ಮೆಟ್ಟಿಲ ಮೇಲೆ ಅವಳನ್ನು ತಡೆದು ಬಹಳ ಮರ್ಯಾದೆಯಿಂದ ಕೇಳಿದಳು: "ಏಮಮ್ಮಾ ಹೇಮಾಕ್ಷಿ, ನೀವು ಕನ್ನಡದವರು ಹಿಟ್ಟನ್ನು ರಾತ್ರಿಯೇ ಬೀಸುತ್ತೀರಾ?"

ಗಂಡನ ಮಾನ ಉಳಿಸಲು ಹೇಮಾಕ್ಷಿ, "ಹೌದಂಡಿ, ಜೋಳದ ಹಿಟ್ಟು" ಎಂದಳು. ಮರುದಿನ ದುರ್ಗಾಂಬ ಒಂದು ಡಬ್ಬಿ ಹಿಡಿದುಕೊಂಡು ಬಂದಳು. ಕೈಯಿಂದ ಬೀಸಿದ ಹಿಟ್ಟು ಸಿಗುವುದು ಈ ಕಾಲದಲ್ಲಿ ಪುಣ್ಯವಂತೆ, ತನಗೂ ಎರಡು ಪಾವು ಬೇಕಂತೆ. ಅಂದೇ ಸಂಜೆ ಹೇಮಾಕ್ಷಿ ಗಂಡನನ್ನು ದಂತವೈದ್ಯೆ ರಾಜ್ಯಲಕ್ಷ್ಮಿಯ ಮುಂದೆ ಬಾಯಿ ತೆರೆಸಿ ಕೂರಿಸಿದಳು.

"ದವಡೆಹಲ್ಲಿನ ತುದಿಗಳೆಲ್ಲ ಸವೆದಿವೆ" ಎಂದರು ಡಾಕ್ಟರು. "ಮನಸ್ಸಿಗೆ ಏನಾದರೂ ಒತ್ತಡವಿದೆಯಾ?"

"ಏನಿಲ್ರಿ" ಎಂದ ಮಹಾಬಲೇಶ್ವರ.

"ಸುಳ್ಳು ರೀ ಡಾಕ್ಟರ್" ಎಂದಳು ಹೇಮಾಕ್ಷಿ. "ಹಗಲೆಲ್ಲ ನುಂಗಿದ ಮಾತು ರಾತ್ರಿ ಅಗೀತಾರ ಇವರು."

ರಾತ್ರಿ ಹಾಕಿಕೊಳ್ಳುವ ಒಂದು ಸಾದಾ ಕವಚ ಮಾಡಿಕೊಡುತ್ತೇನೆಂದರು ಡಾಕ್ಟರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಎದುರಿನ ಗೋಡೆಯ ಮೇಲೆ ಒಂದು ಚಿತ್ರವಿತ್ತು. ಅದರಲ್ಲಿ ಒಬ್ಬಳು ಹೆಂಗಸು ಗಾಜಿನಂಥ ತಿಳಿಯಾದ ಪ್ಲಾಸ್ಟಿಕ್ ಅಚ್ಚೊಂದನ್ನು ಬೆರಳಲ್ಲಿ ಹಿಡಿದು ಸಾಲು ಮುತ್ತಿನಂತೆ ನಗುತ್ತಿದ್ದಳು. ಮಹಾಬಲೇಶ್ವರನ ಮುಂದಿನ ಎರಡು ಹಲ್ಲುಗಳು ದಾಯಾದಿಗಳಂತೆ ಒಂದಕ್ಕೊಂದು ಬೆನ್ನು ತಿರುಗಿಸಿ ನಿಂತಿದ್ದವು. ಕಂಪನಿಯ ವಾರ್ಷಿಕೋತ್ಸವದ ಹನ್ನೊಂದು ಫೋಟೋಗಳಲ್ಲೂ ಅವನು ತುಟಿ ಬಿಗಿದೇ ನಿಂತಿದ್ದ. ಅವನು ಮೆಲ್ಲಗೆ ಕೇಳಿದ: "ಇದನ್ನ ಹಾಕ್ಕೊಂಡ್ರ ಯಾರಿಗಾದ್ರೂ ಗೊತ್ತಾಗ್ತದೇನ್ರಿ?"

"ಯಾರಿಗೂ ಕಾಣುವುದಿಲ್ಲ. ಆದರೆ ಇದು ವಕ್ರ ಹಲ್ಲಿಗೆ. ನೀವು ಕಡಿಯುವುದು ಇದರಿಂದ ನಿಲ್ಲುವುದಿಲ್ಲ."

ಮೊದಲ ವಾಕ್ಯವೊಂದೇ ಮಹಾಬಲೇಶ್ವರನ ಕಿವಿಗೆ ಬಿತ್ತು. ಬಾಯಿಯ ಅಚ್ಚು ವಿದೇಶಕ್ಕೆ ಹೋಯಿತು, ಕೆಲವು ವಾರಗಳಲ್ಲಿ ಕೊರಿಯರಿನಲ್ಲಿ ಪ್ಲಾಸ್ಟಿಕ್ ಹಲ್ಲುಕವಚಗಳ ಪೆಟ್ಟಿಗೆ ಬಂತು. ಹದಿನೈದು ದಿನಕ್ಕೊಂದು ಹೊಸ ಜೊತೆ. ದಿನಕ್ಕೆ ಇಪ್ಪತ್ತೆರಡು ಗಂಟೆ ಬಾಯಿಯಲ್ಲೇ ಇರಬೇಕು, ಊಟಕ್ಕೆ ಮಾತ್ರ ತೆಗೆಯಬೇಕು, ನೀರು ಬಿಟ್ಟು ಬೇರೇನೂ ಒಳಗೆ ಬಿಡಬಾರದು, ಮತ್ತೆ ಹಾಕುವ ಮೊದಲು ಹಲ್ಲುಜ್ಜಬೇಕು. ನಲವತ್ತೆಂಟು ವರ್ಷದ ಗಂಡಸು ಹಲ್ಲು ನೇರ ಮಾಡಿಸಿಕೊಳ್ಳುತ್ತಿದ್ದಾನೆಂದು ತಿಳಿದರೆ ಜನ ನಕ್ಕಾರು. ಆದ್ದರಿಂದ ಹೇಮಾಕ್ಷಿಯಿಂದ ಆಣೆ ಹಾಕಿಸಿಕೊಂಡು ಗುಟ್ಟು ಕಾಪಾಡಿದ.

ಗುಟ್ಟು ಉಳಿಯಿತು, ಹೆಸರು ಕೆಟ್ಟಿತು. ಕವಚ ಹಾಕಿಕೊಂಡಾಗ ಸ ಎಲ್ಲ ಶ ಆಗುತ್ತಿದ್ದುದರಿಂದ ಅವನು ಮಾತು ಕಡಿಮೆ ಮಾಡಿದ. ಯಾರು ಕಾಫಿ ಕೊಟ್ಟರೂ ಕೈ ಅಡ್ಡ ಹಿಡಿದ; ಜನ ಜಂಭವೆಂದರು. ನಾಲಿಗೆ ಮಾತ್ರ ಆ ಪ್ಲಾಸ್ಟಿಕ್ಕಿನ ಅಂಚನ್ನು ಸದಾ ತಡಕುತ್ತ, ಕೆನ್ನೆಯೊಳಗೆ ಇಲಿ ಓಡಾಡಿದಂತೆ ಕಾಣುತ್ತಿತ್ತು. ಕುಳಿತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ರಾತ್ರಿ ನಿದ್ದೆಯೂ ಹರಿದು ಚಿಂದಿಯಾಗಿ, ಹಗಲು ಎಲ್ಲಿ ಕುರ್ಚಿ ಸಿಕ್ಕಿತೋ ಅಲ್ಲಿ ತೂಕಡಿಕೆ ಬರುತ್ತಿತ್ತು.

ಹೀಗೇ ಒಂದು ಮಧ್ಯಾಹ್ನ ಆಫೀಸಿನ ಮೀಟಿಂಗು. ನೀರಿನಲ್ಲಿ ಸಮಯಕ್ಕೆ ಸರಿಯಾಗಿ ಕರಗದ ಮಾತ್ರೆಗಳ ಬ್ಯಾಚೊಂದನ್ನು ಹೇಗಾದರೂ ಪಾಸು ಮಾಡಿ ಎಂದು ಉತ್ಪಾದನಾ ವಿಭಾಗದ ಮುಖ್ಯಸ್ಥರು ಒತ್ತಾಯಿಸುತ್ತಿದ್ದರು. ಮಹಾಬಲೇಶ್ವರ ಹಣೆಗೆ ಕೈ ಕೊಟ್ಟು ಕುಳಿತವನು ಹಾಗೇ ನಿದ್ದೆಹೋದ. ಮುಖ್ಯಸ್ಥರು, "ಮಹಾಬಲೇಶ್ವರ್ ಗಾರು ಅಡ್ಡ ಬರುವವರಲ್ಲ ಬಿಡಿ" ಎನ್ನುವಷ್ಟರಲ್ಲಿ ಕರ್ರ್... ಕಟಕಟ... ಲಟಕ್! ಪ್ಲಾಸ್ಟಿಕ್ಕಿನ ಮೇಲೆ ಪ್ಲಾಸ್ಟಿಕ್ ಉಜ್ಜಿ ಅದಕ್ಕೀಗ ಒಂದು ಕೀರಲು ಧ್ವನಿಯೂ ಸೇರಿತ್ತು. ಮುಖ್ಯಸ್ಥರು ಕಾಗದಗಳನ್ನು ಜೋಡಿಸಿಕೊಂಡು, "ಸರಿ ಸರಿ, ಬ್ಯಾಚು ತಿರಸ್ಕರಿಸಿ, ಅದಕ್ಕೆ ಇಷ್ಟು ಕೋಪ ಯಾಕೆ" ಎಂದು ಎದ್ದುಹೋದರು.

ಮಹಾಬಲೇಶ್ವರನ ಕೈಕೆಳಗಿದ್ದ ದಾವಣಗೆರೆಯ ಆದರ್ಶ್ ಓಡಿಬಂದು ಅವನ ಕೈ ಕುಲುಕಿದ: "ಸಾರ್, ಏನ್ ಸಾರ್ ಅದು! ನೀವು ಹಲ್ಲು ಕಡಿದಿದ್ದಕ್ಕೆ ಆ ಮನುಷ್ಯ ಬೆವತೋದ್ರು. ಇಷ್ಟು ದಿನ ಎಲ್ಲಿಟ್ಕೊಂಡಿದ್ರಿ ಸಾರ್ ಈ ಸಿಟ್ಟನ್ನ?"

ಎಲ್ಲಿಟ್ಟುಕೊಂಡಿದ್ದೆನೋ ಮಹಾಬಲೇಶ್ವರನಿಗೇ ತಿಳಿಯಲಿಲ್ಲ. ಎದೆಯಲ್ಲಿ ಗಾಬರಿ, ಅದರ ಪಕ್ಕದಲ್ಲೇ ಒಂದು ಚಮಚೆಯಷ್ಟು ಖುಷಿ.

ಅದೇ ವಾರ ವಿಜಯವಾಡದ ಪಟಮಟದಿಂದ ತಂಗಿ ತೃಪ್ತಿಯ ಫೋನು. ಇಪ್ಪತ್ತೈದು ವರ್ಷದ ಹಿಂದೆ ತೆಲುಗಿನ ಜಗನ್ಮೋಹನ್‌ನನ್ನು ಮದುವೆಯಾಗಿ ಅಲ್ಲಿಯೇ ಬೇರು ಬಿಟ್ಟವಳು. ಅವಳ ಮಗಳು ಅಖಿಲಾ ಫಿಸಿಯೋಥೆರಪಿ ಓದಿ, ವಿಶಾಖಪಟ್ಟಣದ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತ ಮಾವನ ಮನೆಯಲ್ಲೇ ಇದ್ದಳು.

"ಅಣ್ಣಾ, ಒನ್ ಟೌನಿನವರು ಭಾನುವಾರ ಅಖಿಲಾನ ಲಗ್ನದ ಮಾತು ಪಕ್ಕಾ ಮಾಡಲಿಕ್ಕೆ ಬರ್ತಾರ. ಮೇನಮಾಮ, ಅಂದ್ರ ಸೋದರಮಾವ, ಇಲ್ಲದ ಮಾತೇ ಎತ್ತೂದಿಲ್ಲ ಅಂದಾರ. ನೀ ಬರಬೇಕು."

ವರ ತೇಜ ಒಳ್ಳೆಯ ಹುಡುಗ, ವಿಜಯವಾಡದ ಹಳೇ ಪೇಟೆ ಒನ್ ಟೌನಿನಲ್ಲಿ ಅವರದು ಅರಿಶಿನದ ಸಗಟು ಅಂಗಡಿ. ಅವನೂ ಅಖಿಲಾಳೂ ಒಬ್ಬರನ್ನೊಬ್ಬರು ಒಪ್ಪಿಯಾಗಿತ್ತು. ಇದ್ದದ್ದು ಒಂದೇ ತೊಡಕು. ಆ ಮನೆಯ ಯಜಮಾನಿ, ತೇಜನ ಅಜ್ಜಿ ಸೂರ್ಯಕಾಂತಮ್ಮ, ಸೊಸೆ ಹೊರಗೆ ದುಡಿಯಬಾರದು ಎಂದಿದ್ದರು. ಅವರು ಎಂದದ್ದನ್ನು ಒನ್ ಟೌನಿನ ತಕ್ಕಡಿಗಳೂ ಮೀರುತ್ತಿರಲಿಲ್ಲವಂತೆ.

ಅಖಿಲಾ ಮಾವನ ಮುಂದೆ ಬಂದು ನಿಂತಳು. ಅವಳ ಕನ್ನಡಕ್ಕೆ ಸದಾ ಒಂದು ಕಾಲು ಕುಂಟು. "ಮಾಮಾ, ನನಗೆ ತೇಜನೂ ಬೇಕು, ಡ್ಯೂಟಿಯೂ ಬೇಕು. ವಿಜಯವಾಡದಲ್ಲೇ ಆಸ್ಪತ್ರೆ ನೋಡಿಕೊಳ್ತೀನಿ. ನಾನ್ನ ಅವರ ಎದುರು ನೋರು ತೆರೆಯೋದಿಲ್ಲ. ನೀವೇ ಮಾತಾಡಬೇಕು."

ಅಪ್ಪನನ್ನು ನಾನ್ನ, ಬಾಯಿಯನ್ನು ನೋರು ಎನ್ನುವ ಈ ಹುಡುಗಿಯನ್ನು ಕಂಡರೆ ಅವನಿಗೆ ಪ್ರಾಣ. "ಮಾತಾಡ್ತೀನವಾ, ಖರೇನ ಮಾತಾಡ್ತೀನಿ" ಎಂದುಬಿಟ್ಟ. ಅಂದ ಗಳಿಗೆಯಿಂದ ಇದ್ದ ಅರ್ಧ ನಿದ್ದೆಯೂ ಹಾರಿತು. ಎರಡು ದಿನ ಬಾಲ್ಕನಿಯಲ್ಲಿ ಶತಪಥ ತಿರುಗುತ್ತ ಒಂದೇ ವಾಕ್ಯವನ್ನು ತೆಲುಗಿನಲ್ಲಿ ಉರುಹೊಡೆದ. ಸೂರ್ಯಕಾಂತಮ್ಮ ಎಂಬ ಹೆಸರೇ ಶೂರ್ಯಕಾಂತಮ್ಮ ಎಂದು ಹೊರಡುತ್ತಿತ್ತು. ಹೆಣ್ಣಿನ ಕಡೆಯ ಹಿರಿಯ ಬಾಯಿ ತೆರೆದೊಡನೆ ಗಂಡಿನ ಕಡೆಯ ಹಿರಿಯಳ ಹೆಸರನ್ನೇ ಕೆಡಿಸುವುದೆ?

ಶನಿವಾರ ಮೂವರೂ ಮಧ್ಯಾಹ್ನದ ರತ್ನಾಚಲ್ ರೈಲು ಹತ್ತಿದರು. ಮೇ ತಿಂಗಳ ಬಿಸಿಗಾಳಿ. ಅನಕಾಪಲ್ಲಿಯಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಬುಟ್ಟಿಯೊಂದಿಗೆ ಹತ್ತಿ ಎದುರಿಗೆ ಕುಳಿತ. ಮಹಾಬಲೇಶ್ವರನ ಕಣ್ಣು ಆಗಷ್ಟೇ ಮುಚ್ಚಿತ್ತು. ಕರ್ರ್ ಎಂದಿತು. ವ್ಯಾಪಾರಿ ಕಿವಿ ನಿಮಿರಿಸಿದ. ಕಟಕಟ ಎಂದಿತು. "ಎಲುಕ! ಎಲುಕ!" ಎಂದು ಕೂಗಿ ಬುಟ್ಟಿಯನ್ನು ಸೀಟಿನ ಮೇಲೆ ಸುರಿದು ಇಲಿ ಹುಡುಕತೊಡಗಿದ. ಇಡೀ ಡಬ್ಬಿಯ ಹೆಂಗಸರು ಕಾಲು ಮೇಲೆತ್ತಿ ಕುಳಿತರು. ಒಬ್ಬ ಅಜ್ಜ ಛತ್ರಿ ಹಿಡಿದು ಸೀಟಿನ ಕೆಳಗೆ ತಿವಿದ. ಹೇಮಾಕ್ಷಿ ಮತ್ತು ಅಖಿಲಾ ಕಿಟಕಿಯಾಚೆ ನೋಡುತ್ತ, ನಡುವೆ ಕುಳಿತವನಿಗೂ ತಮಗೂ ಯಾವ ಸಂಬಂಧವೂ ಇಲ್ಲವೆಂಬಂತೆ ಮುಖ ಮಾಡಿಕೊಂಡರು. ಇಲಿ ಸಿಗಲಿಲ್ಲ. ಮಹಾಬಲೇಶ್ವರ ಎದ್ದು, ಚೆದುರಿದ ಬೆಲ್ಲದಚ್ಚುಗಳನ್ನು ಹೆಕ್ಕಲು ವ್ಯಾಪಾರಿಗೆ ಬಹಳ ಶ್ರದ್ಧೆಯಿಂದ ನೆರವಾದ.

ಭಾನುವಾರ ಊಟ ಮುಗಿಸಿ, ಹಲ್ಲುಜ್ಜಿ, ಕವಚವನ್ನು ಬಾಯಿಗೆ ಏರಿಸಿದ್ದಷ್ಟೇ, ಗಂಡಿನ ಕಡೆಯವರು ಬಂದರು. ಎಪ್ಪತ್ತೆರಡರ ಸೂರ್ಯಕಾಂತಮ್ಮ ಮುಂದೆ, ಅವರ ಸೊಸೆ, ಅಂದರೆ ತೇಜನ ತಾಯಿ ಪದ್ಮಾ ಹಿಂದೆ, ತೇಜ ಎಲ್ಲರಿಗಿಂತ ಹಿಂದೆ. ಕೈ ತೊಳೆಯುವ ಬೇಸಿನ್ ಹಾಲಿನಲ್ಲೇ, ಸರಿಯಾಗಿ ಸೂರ್ಯಕಾಂತಮ್ಮನ ಕುರ್ಚಿಯ ಬೆನ್ನಿಗೇ ಇತ್ತು. ಇನ್ನು ಕವಚ ತೆಗೆಯುವ ಮಾತೇ ಇಲ್ಲ.

ಕಾಫಿ ಬಂತು. ಮಹಾಬಲೇಶ್ವರ ಕೈ ಅಡ್ಡ ಹಿಡಿದ.

"ಕಾಫಿ ಬೇಡವಾ? ಮಜ್ಜಿಗೆ ತೊಗೊಳ್ಳಿ ಬಾಬೂ" ಎಂದರು ಸೂರ್ಯಕಾಂತಮ್ಮ. ಮಾತೆಲ್ಲ ತೆಲುಗಿನಲ್ಲೇ.

ಅವನು ತಲೆ ಅಲ್ಲಾಡಿಸಿದ. ಅವರೇ ತಂದ ಬಂದರು ಊರಿನ ಲಡ್ಡು ಮುಂದೆ ಬಂತು, ಅದಕ್ಕೂ ಕೈ. ಹೆಚ್ಚಿದ ಬಂಗಿನಪಲ್ಲಿ ಮಾವು ಬಂತು, ಅದಕ್ಕೂ ಕೈ.

"ನೀರು... ಶಾಕು" ಎಂದ.

ಹಾಲಿನಲ್ಲಿ ಜನ ಮುಖ ಮುಖ ನೋಡಿಕೊಂಡರು. ಹೆಣ್ಣಿನ ಸೋದರಮಾವ ಗಂಡಿನ ಕಡೆಯವರ ಲಡ್ಡು ಮುಟ್ಟುವುದಿಲ್ಲವೆಂದರೆ ಅದಕ್ಕೆ ಅರ್ಥ ಒಂದೇ, ಸಂಬಂಧಕ್ಕೆ ಒಪ್ಪಿಗೆಯಿಲ್ಲ. ಜಗನ್ಮೋಹನ್ ಬಾವನ ಕಿವಿಯಲ್ಲಿ, "ಬಾವಗಾರೂ, ಒಂದು ಚೂರಾದರೂ..." ಎಂದು ಬೇಡಿಕೊಂಡ. ತೃಪ್ತಿ, "ಅವನಿಗೆ ಉಪವಾಸ" ಎಂದಳು. ಪದ್ಮಾ, "ಊಟದ ಬಾಳೆಲೆಗಳು ಹೊರಗೆ ಐದು ಕಂಡವಲ್ಲ, ಮನೆಯಲ್ಲಿರುವವರು ಐದೇ ಜನ" ಎಂದು ಲೆಕ್ಕ ಒಪ್ಪಿಸಿದಳು. ಒಳಗಿನ ಕೋಣೆಯಲ್ಲಿದ್ದ ಅಖಿಲಾ ಆತಂಕದಿಂದ ತನ್ನ ಎಲೆಯನ್ನು ಮುಟ್ಟದೆ ಎದ್ದಿದ್ದಳೆಂಬುದು ಬೇರೆ ಮಾತು.

ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತಿತು. ವಿಜಯವಾಡದ ಮೇ ತಿಂಗಳ ಶೆಖೆ ಮಗ್ಗಲು ಬದಲಿಸಿ ಹಾಲಿನೊಳಗೆ ಬಂದು ಕುಳಿತಿತು. ಮಹಾಬಲೇಶ್ವರ ಹಣೆಗೆ ಕೈ ಕೊಟ್ಟು, ತನ್ನ ವಾಕ್ಯವನ್ನು ಕೊನೆಯ ಸಲ ಜ್ಞಾಪಿಸಿಕೊಳ್ಳತೊಡಗಿದ. ವಾಕ್ಯದ ನಡುವಿನಲ್ಲೇ ಎಲ್ಲೋ ನಿದ್ದೆಹೋದ.

"ನಮ್ಮ ಮನೆಯ ಪದ್ಧತಿ ಹೇಳಿಬಿಡುತ್ತೇನೆ" ಎಂದರು ಸೂರ್ಯಕಾಂತಮ್ಮ. "ಮದುವೆಯಾದ ಮೇಲೆ ಹುಡುಗಿ ಕೆಲಸಕ್ಕೆ ಹೋಗುವಂತಿಲ್ಲ."

ಕರ್ರ್ ಎಂದಿತು.

ಎಲ್ಲರೂ ತಿರುಗಿ ನೋಡಿದರು. ಹಣೆಗೆ ಕೈ, ತಗ್ಗಿದ ತಲೆ, ಬಿಗಿದ ದವಡೆ.

"ಹೋಗಲೇಬಾರದು ಅಂತಲ್ಲ" ಎಂದರು ಸೂರ್ಯಕಾಂತಮ್ಮ, ಧ್ವನಿ ಒಂದು ಮೆಟ್ಟಿಲು ಇಳಿಸಿ. "ಒಂದಾರು ತಿಂಗಳು ಹೋಗಲಿ."

ಕಟಕಟ.

"ಅತ್ತಯ್ಯಾ, ಅವರಿಗೆ ಕೋಪ ಏರುತ್ತಿದೆ" ಎಂದು ಪದ್ಮಾ ಪಿಸುಗುಟ್ಟಿದಳು.

"ನನಗೆ ಕಿವಿ ಇದೆ! ಸರಿ, ಮಕ್ಕಳಾಗುವ ತನಕ ಹೋಗಲಿ."

ಕರ್ರ್, ಕಟಕಟಕಟ, ಕೀಂಯ್.

ಒನ್ ಟೌನಿನಲ್ಲಿ ನಲವತ್ತು ವರ್ಷ ಯಾರಿಗೂ ಬಗ್ಗದ ಹೆಂಗಸಿನ ಹಣೆಯಲ್ಲಿ ಬೆವರು ಮೂಡಿತು. "ಆಯಿತಯ್ಯಾ, ಊರಲ್ಲೇ ಯಾವುದಾದರೂ ಆಸ್ಪತ್ರೆಯಲ್ಲಿ ಅವಳಿಗೆ ಬೇಕಾದಷ್ಟು ದಿನ ಮಾಡಿಕೊಳ್ಳಲಿ!"

ಸದ್ದು ನಿಂತಿತು. ಬಾಗಿಲ ಸಂದಿಯಲ್ಲಿ ಅಖಿಲಾಳ ಮುಖ ಅರಳಿತು. ತೃಪ್ತಿ ಕಣ್ಣೊರೆಸಿಕೊಂಡಳು. ನಮ್ಮ ಮಹಾಬಲೇಶ್ವರ ಇನ್ನು ಅರ್ಧ ನಿಮಿಷ ಸುಮ್ಮನಿದ್ದಿದ್ದರೆ ಅವನಷ್ಟು ಸಮರ್ಥ ಸಂಧಾನಕಾರ ಕೃಷ್ಣಾ ನದಿಯ ಎರಡೂ ದಡದಲ್ಲಿ ಇಲ್ಲವೆನಿಸಿಕೊಳ್ಳುತ್ತಿದ್ದ. ಆದರೆ ಬಾಕಿ ಇದ್ದದ್ದು ಕೊನೆಯ ಲಟಕ್.

ಅದು ಬಂದೇ ಬಂತು. ಸೂರ್ಯಕಾಂತಮ್ಮ ಎದ್ದು ನಿಂತರು.

"ಇನ್ನೇನು ಬೇಕಂತೆ ಈ ಮನುಷ್ಯನಿಗೆ? ಲಡ್ಡು ಮುಟ್ಟಲಿಲ್ಲ, ಸುಮ್ಮನಿದ್ದೆ. ಕೇಳುವ ಮೊದಲೇ ಎಲ್ಲ ಕೊಟ್ಟೆ. ಆದರೂ ಹಲ್ಲು ಕಡಿಯುತ್ತಾನೆ! ಪದ್ಮಾ, ಏಳು. ತೇಜ, ಚಪ್ಪಲಿ ಹಾಕಿಕೋ."

"ನಾನಮ್ಮಾ, ಒಂದು ನಿಮಿಷ" ಎಂದ ತೇಜ. ಅಜ್ಜಿಯ ಮುಂದೆ ಅದು ಅವನ ಜೀವಮಾನದ ಅತಿ ದೀರ್ಘ ಭಾಷಣ.

ಹೇಮಾಕ್ಷಿ ಗಂಡನ ತೊಡೆಯನ್ನು ಸೀರೆಯ ಮರೆಯಲ್ಲಿ ಬಲವಾಗಿ ಚಿವುಟಿದಳು. ಮಹಾಬಲೇಶ್ವರ ಬೆಚ್ಚಿ ಎದ್ದು, "ಅನಕಾಪಲ್ಲಿ ಬಂತೇನು?" ಎಂದ.

ಕನ್ನಡ ಬಾರದಿದ್ದರೂ ಅನಕಾಪಲ್ಲಿ ಎಲ್ಲರಿಗೂ ಅರ್ಥವಾಯಿತು. "ಗೇಲಿ ಬೇರೆ ಮಾಡುತ್ತಾನೆ!" ಎಂದು ಸೂರ್ಯಕಾಂತಮ್ಮ ಬಾಗಿಲ ಕಡೆ ನಡೆದರು. ಕೋಣೆಯ ಬಾಗಿಲಲ್ಲಿ ಅಖಿಲಾ ನಿಂತಿದ್ದಳು. ಅವಳ ಮುಖ ಈಗ ನೋಡುವಂತಿರಲಿಲ್ಲ.

"ಏನಾತು?" ಎಂದು ಮಹಾಬಲೇಶ್ವರ ಹೆಂಡತಿಯನ್ನು ಕೇಳಿದ.

"ನೀವು ಹಲ್ಲು ಕಡದ್ರಿ. ಅವರು ಸಿಟ್ಟಂತ ತಿಳದ್ರು. ಹುಡುಗೀದು ಲಗ್ನ ಮುರೀಲಿಕ್ಕತ್ತದ. ಈಗರ ಬಾಯಿ ಬಿಡ್ರಿ!"

ಮಹಾಬಲೇಶ್ವರ ಎರಡು ಹೆಜ್ಜೆ ಮುಂದೆ ಓಡಿ, ಎರಡು ಹೆಜ್ಜೆ ಹಿಂದೆ ಬಂದ. ಗುಟ್ಟು ಹೇಳಿದರೆ ಜನ ನಗುತ್ತಾರೆ, ಹೇಳದಿದ್ದರೆ ಹುಡುಗಿ ಅಳುತ್ತಾಳೆ. ಅವನು ಸೂರ್ಯಕಾಂತಮ್ಮನ ಎದುರು ಹೋಗಿ ನಿಂತು, ಎರಡು ಬೆರಳು ಬಾಯೊಳಗೆ ತೂರಿಸಿ, ಮೇಲಿನದನ್ನು ಟಪ್ ಎಂದು ಕಿತ್ತ, ಕೆಳಗಿನದನ್ನು ಟಪ್ ಎಂದು ಕಿತ್ತ.

"ಅಯ್ಯೋ ದೇವುಡಾ! ಕೋಪಕ್ಕೆ ಹಲ್ಲೇ ಕಿತ್ತುಕೊಂಡುಬಿಟ್ಟರು!" ಎಂದು ಪದ್ಮಾ ಕಿರುಚಿ ಮಗನ ತೋಳಿಗೆ ಒರಗಿದಳು.

"ಇಲ್ಲ ಇಲ್ಲ, ಹಲ್ಲು ಇಲ್ಲೇ ಅದಾವು!" ಎಂದು ಮಹಾಬಲೇಶ್ವರ ದಾಯಾದಿ ಹಲ್ಲುಗಳನ್ನು ಎಲ್ಲರಿಗೂ ತೋರಿಸಿದ. ಜೊಲ್ಲು ಸೋರುವ ಪ್ಲಾಸ್ಟಿಕ್ಕನ್ನು ಅಂಗೈಯಲ್ಲಿ ಹಿಡಿದುಕೊಂಡು, ತನ್ನ ಧಾರವಾಡದ ತೆಲುಗಿನಲ್ಲಿ ಎಲ್ಲವನ್ನೂ ಒದರಿದ. ಹಲ್ಲು ನೇರವಾಗಲೆಂದು ಹಾಕಿಕೊಂಡದ್ದು, ಅದಕ್ಕಾಗಿ ಲಡ್ಡು ಬಿಟ್ಟದ್ದು, ನಿದ್ದೆಯಲ್ಲಿ ಕಡಿಯುವ ಚಾಳಿ, ಎರಡು ರಾತ್ರಿ ನಿದ್ದೆಗೆಟ್ಟದ್ದು. "ನನಗೆ ಸಿಟ್ಟೇ ಬರುವುದಿಲ್ಲಮ್ಮಾ. ಬಂದಿದ್ದರೆ ಇಷ್ಟೊತ್ತಿಗೆ ಎಷ್ಟೋ ಕೆಲಸ ಆಗುತ್ತಿದ್ದವು."

ತೇಜನಿಗೆ ನಗು ತಡೆಯಲಾಗಲಿಲ್ಲ. ಆದರೆ ಸೂರ್ಯಕಾಂತಮ್ಮ ನಗಲಿಲ್ಲ. "ಅಂದರೆ ನಾನು ಇಷ್ಟು ಹೊತ್ತು ಬಗ್ಗಿದ್ದು ನಿದ್ದೆಹೋದವನಿಗಾ? ಹಾಗಾದರೆ ನಾನು ಕೊಟ್ಟ ಮಾತೂ ಇಲ್ಲ, ಏನೂ ಇಲ್ಲ. ಹುಡುಗಿ ಮನೆಯಲ್ಲೇ ಇರಬೇಕು."

ಉರುಹೊಡೆದ ವಾಕ್ಯ ಮಹಾಬಲೇಶ್ವರನ ತಲೆಯಿಂದ ಪೂರ್ತಿ ಅಳಿಸಿಹೋಗಿತ್ತು. ಕೈಯಲ್ಲಿದ್ದದ್ದು ಪ್ಲಾಸ್ಟಿಕ್ ಮಾತ್ರ. "ಇಲ್ಲಮ್ಮ" ಎಂದ. ತನ್ನ ಬಾಯಿಂದ ಬಂದ ಈ ಪದವನ್ನು ಕೇಳಿ ತಾನೇ ಒಂದು ಕ್ಷಣ ನಿಂತ. "ಅವಳ ಕೈಯಲ್ಲಿ ಎದ್ದು ನಿಲ್ಲಲಾರದವರು ಎದ್ದು ನಡೆದಿದ್ದಾರೆ, ನಾನು ನೋಡಿದ್ದೇನೆ. ಅದನ್ನು ಬಿಡಿಸುವುದಾದರೆ ನನಗೆ ಒಪ್ಪಿಗೆ ಇಲ್ಲ. ಎಚ್ಚರವಿದ್ದೇ ಹೇಳುತ್ತಿದ್ದೇನೆ."

ಹೇಮಾಕ್ಷಿ ಬಾಯಿ ತೆರೆದುಕೊಂಡು ಗಂಡನನ್ನು ನೋಡಿದಳು.

ಸೂರ್ಯಕಾಂತಮ್ಮನ ದೃಷ್ಟಿ ಅವನ ದವಡೆಯ ಮೇಲಿತ್ತು. ಬೇರೆಯೇ ಧ್ವನಿಯಲ್ಲಿ ಕೇಳಿದರು: "ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ತಾವು ಕಡಿಯುತ್ತಿದ್ದೇವೆಂದು ತಿಳಿಯುವುದಿಲ್ಲವಾ?"

"ಏನೂ ತಿಳಿಯುವುದಿಲ್ಲಮ್ಮ."

"ಎದುರಿನವರು ಆಡಿದ ಮಾತು?"

"ಅದೂ ಕೇಳಿಸುವುದಿಲ್ಲ."

ಅವರು ನಿಧಾನಕ್ಕೆ ಬಂದು ಕುರ್ಚಿಯಲ್ಲಿ ಕುಳಿತರು. "ನಮ್ಮ ಯಜಮಾನರೂ ಹೀಗೇ ಕಡಿಯುತ್ತಿದ್ದರು" ಎಂದರು. "ನನಗೆ ಇಪ್ಪತ್ತನಾಲ್ಕು. ಬೀದಿಯ ಕೊನೆಯ ಮಕ್ಕಳ ಶಾಲೆಯಲ್ಲಿ ಪಾಠ ಹೇಳಲು ಬಾ ಎಂದು ನನಗೆ ಕಾಗದ ಬಂದಿತ್ತು. ಮಧ್ಯಾಹ್ನ ಅವರು ಆರಾಮಕುರ್ಚಿಯಲ್ಲಿ ಮುಖದ ಮೇಲೆ ಪೇಪರು ಹೊದ್ದುಕೊಂಡಿದ್ದರು. ಎದುರು ನಿಂತು, ಹೋಗಲೇನಂಡಿ ಎಂದು ಕೇಳಿದೆ. ಕರ್ರ್ ಎಂದರು. ಇನ್ನೊಂದು ಸಲ ಕೇಳಿದೆ. ಇನ್ನೂ ಜೋರಾಗಿ ಕಡಿದರು. ಕಾಗದ ಒಲೆಗೆ ಹಾಕಿದೆ. ಆಮೇಲೆ ಆ ಮಾತು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಅವರು ಎತ್ತಲಿಲ್ಲವಲ್ಲ, ಎಷ್ಟು ಕೋಪವಿರಬೇಕು ಎಂದುಕೊಂಡೆ."

ಕರೆಂಟು ಬಂತು, ಫ್ಯಾನು ತಿರುಗಿತು.

"ಪೇಪರು ಎತ್ತಿ ನೋಡಲಿಲ್ಲ ನಾನು" ಎಂದರು ಸೂರ್ಯಕಾಂತಮ್ಮ. ಸೆರಗಿನಿಂದ ಮೂಗು ಒರೆಸಿಕೊಂಡು, ಇದ್ದಕ್ಕಿದ್ದಂತೆ ಬಾಗಿಲ ಕಡೆ ಗದರಿದರು: "ಅಲ್ಲೇನು ನಿಂತಿದ್ದೀ ಅಮ್ಮಾಯಿ? ಬಾ ಇಲ್ಲಿ. ಆಸ್ಪತ್ರೆಗೆ ಹೋಗು. ನನಗೂ ಹೇಳಿಯೇ ಹೋಗು, ಎಷ್ಟು ಗಂಟೆಗೆ ಹೋಗುತ್ತಿ, ಎಷ್ಟು ಗಂಟೆಗೆ ಬರುತ್ತಿ ಅಂತ. ಮನೆಯ ಊಟ ಯಾರಿಗೂ ಕಾಯುವುದಿಲ್ಲ."

ಅಖಿಲಾ ಬಂದು ಕಾಲಿಗೆರಗಿದಳು. ಜಗನ್ಮೋಹನ್ ಇಷ್ಟು ಹೊತ್ತು ಹಿಡಿದಿದ್ದ ಉಸಿರನ್ನು ಬಿಟ್ಟ ರಭಸಕ್ಕೆ ತಟ್ಟೆಯ ಮೇಲಿನ ಕಾಗದದ ಕರವಸ್ತ್ರ ಹಾರಿತು. ಪದ್ಮಾ ತಾನು ಮೊದಲೇ ಅಂದುಕೊಂಡಿದ್ದೆ, ಅದು ಕೋಪದ ಸದ್ದಲ್ಲವೇ ಅಲ್ಲ ಎಂದು ತೃಪ್ತಿಗೆ ವಿವರಿಸತೊಡಗಿದಳು.

ಸೂರ್ಯಕಾಂತಮ್ಮ ಮೊಮ್ಮಗನ ಕಡೆ ತಿರುಗಿದರು. "ಏರಾ, ನೀನೂ ತಾತನ ಹಾಗೆ ನಿದ್ದೆಯಲ್ಲಿ ಹಲ್ಲು ಕಡಿಯುತ್ತೀಯಾ?"

ತೇಜ ಸಂಕೋಚದಿಂದ ತಾಯಿಯ ಮುಖ ನೋಡಿದ. ತಾಯಿ ಚಾವಣಿ ನೋಡಿದಳು.

"ಕಡಿದರೂ ಚಿಂತೆಯಿಲ್ಲ ನಾನಮ್ಮಗಾರೂ" ಎಂದಳು ಅಖಿಲಾ. "ನಾನು ಎಬ್ಬಿಸಿ ಕೇಳುತ್ತೇನೆ."